ಅಳತೆಗೋಲು ಬೇಕು, ಅಪ್ಪಣೆ ಚೀಟಿ ಬೇಡ!

ಸ್ವಾಭಿಮಾನಿ ಕನ್ನಡ ಯುವಕ ಯುವತಿಯರೇ,

"ರೂಲ್ಸ್ ಅಂತ ಕೂತರೆ ಏನೂ ಆಗಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬ ಮಾತನ್ನು ಕೇಳದ ಕನ್ನಡಿಗ ಇದ್ದಾನೆಯೇ? ಇದನ್ನೇ ನಮ್ಮ ಜಾಣತನವೆಂದು ಬೀಗುವವರಿದ್ದಾರೆ. ನಿಯಮ ಪಾಲಿಸುವ ದೇಶದವರು ಗಾಣದೆತ್ತುಗಳಂತೆ. ನಿಯಮಕ್ಕೆ ಚಳ್ಳೆಹಣ್ಣು ತಿನ್ನಿಸುವ ನಾವೇ ಹೊಸದನ್ನು ಕಂಡುಹಿಡಿಯುವವರಂತೆ. ಶುದ್ಧ ಸುಳ್ಳು!

ನಿಮ್ಮ ಮನೆಯಲ್ಲಿರುವ ಒಂದು ಎ4 ಹಾಳೆಯನ್ನು ಕೈಗೆತ್ತಿಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜರ್ಮನಿ 1922ರಲ್ಲಿ ಕಾಗದಕ್ಕೊಂದು ನಿಯಮ ಮಾಡಿತು. ಅದನ್ನು ರೂಪಿಸಿದವನು ವಾಲ್ಟರ್ ಪೋರ್ಸ್ಟ್‌ಮನ್. ದೊಡ್ಡ ಹಾಳೆ ಒಂದು ಚದರ ಮೀಟರ್. ಅದನ್ನು ಎಷ್ಟು ಸಲ ಅರ್ಧ ಮಾಡಿದರೂ ಉದ್ದ ಅಗಲದ ಪ್ರಮಾಣ ಬದಲಾಗಬಾರದು. ನಾಲ್ಕು ಸಲ ಅರ್ಧ ಮಾಡಿದರೆ ಎ4. 1975ರಲ್ಲಿ ಇದೇ ಅಂತರರಾಷ್ಟ್ರೀಯ ಅಳತೆಯಾಯಿತು. ಪ್ರಿಂಟರ್, ಜೆರಾಕ್ಸ್ ಯಂತ್ರ, ಫೈಲು, ಲಕೋಟೆ ಯಾರೇ ತಯಾರಿಸಲಿ, ಒಂದಕ್ಕೊಂದು ಹೊಂದುತ್ತದೆ. ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಅಳತೆ ಗೊತ್ತಿದ್ದರೆ ಸಾಕು! ಅರ್ಜಿ, ಮೊಹರುಗಳ ಕಾಟ ಜರ್ಮನಿಯಲ್ಲೂ ಇದೆ, ಅಲ್ಲಿನವರೂ ಗೊಣಗುತ್ತಾರೆ. ಆದರೆ ಅಳತೆಯ ನಿಯಮವನ್ನು ಅವರು ಮುರಿಯಲಿಲ್ಲ.

ನಮ್ಮಲ್ಲಿ ಆದದ್ದೇನು? 1951ರ ಕೈಗಾರಿಕಾ ಕಾಯ್ದೆ ಬಂತು. ಏನು ತಯಾರಿಸಬೇಕು, ಎಷ್ಟು ತಯಾರಿಸಬೇಕು, ಎಲ್ಲದಕ್ಕೂ ದಿಲ್ಲಿಯ ಲೈಸೆನ್ಸ್. ಅದರಲ್ಲಿ ಬರೆದದ್ದಕ್ಕಿಂತ ಹೆಚ್ಚು ತಯಾರಿಸಿದರೆ ಅದೇ ತಪ್ಪು! ಜನ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದರು. ಗಿರಾಕಿ ಬಾಗಿಲಲ್ಲಿ ಕಾದು ಕೂತಿರುವಾಗ ಹೊಸ ಮಾದರಿಗೆ ತಲೆ ಕೆಡಿಸಿಕೊಳ್ಳುವವರು ಯಾರು? 1991ರ ಜುಲೈಯಲ್ಲಿ ಬಹುಪಾಲು ಲೈಸೆನ್ಸುಗಳು ರದ್ದಾದವು. ಆದರೆ ನಾಲ್ಕು ದಶಕ ಕಲಿತ ಪಾಠ ರದ್ದಾಗಲಿಲ್ಲ. ನಿಯಮವೆಂದರೆ ಸಾಹೇಬರ ಮೇಜು, ದಾಟಲು ಲಂಚ ಬೇಕು ಇಲ್ಲವೇ ಹಿಂಬಾಗಿಲು ಬೇಕು ಎಂಬುದೇ ನಮ್ಮ ರಕ್ತಕ್ಕಿಳಿಯಿತು. ಅಪ್ಪಣೆಯ ನಿಯಮದ ಮೇಲಿನ ಸಿಟ್ಟಿನಲ್ಲಿ ಅಳತೆಯ ನಿಯಮವನ್ನೂ ಒದ್ದೆವು.

ಈ ರೋಗ ಕನ್ನಡದ ಅಕ್ಷರಕ್ಕೂ ಅಂಟಿತು. ಕಂಪ್ಯೂಟರಿಗೆ ಕನ್ನಡ ಬಂದಾಗ ಒಬ್ಬೊಬ್ಬರದು ಒಂದೊಂದು ಸಂಕೇತ. ಒಂದು ತಂತ್ರಾಂಶದಲ್ಲಿ ಕೂರಿಸಿದ 'ಕ' ಇನ್ನೊಂದರಲ್ಲಿ ಯಾವುದೋ ಗೀಟು! ನನ್ನದು ಪ್ರಿಂಟಿಂಗ್ ಪ್ರೆಸ್. ಒಮ್ಮೆ ಹುಡುಗನೊಬ್ಬ ತೀರಿಹೋದ ತನ್ನ ತಂದೆಯ ಬರಹವಿದ್ದ ಹಳೇ ಸಿ.ಡಿ. ತಂದ. ತೆರೆದರೆ ಪರದೆಯ ತುಂಬ ಕೋಳಿ ಕೆದರಿದ ಹಾಗೆ ಗುರುತುಗಳು. ಆ ಫಾಂಟ್ ಎಲ್ಲೂ ಸಿಗಲಿಲ್ಲ. ಅಪ್ಪನ ಮಾತು ಅಲ್ಲೇ ಇತ್ತು, ಮಗನಿಗೆ ಓದಲಾಗಲಿಲ್ಲ. ಆ ಹುಡುಗನ ಮುಖ ನಾನು ಮರೆತಿಲ್ಲ.

ಅಳತೆಗೋಲು ಇರಲಿಲ್ಲವೇ? ಇತ್ತು! 1991ರಲ್ಲಿ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ನಮ್ಮ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತಾಗಿತ್ತು. ಕೆ.ಪಿ. ರಾವ್ ತಾವು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಲಾಭಕ್ಕೆ ಕಟ್ಟಿಹಾಕದೆ ನಾಡಿಗೆ ಬಿಟ್ಟುಕೊಟ್ಟರು. 2003ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. ಇಂದು ಮೊಬೈಲಿನಲ್ಲಿ ನೀವು ಕಳಿಸುವ ಕನ್ನಡದ ಸಂದೇಶ ಯಾವ ಕಂಪನಿಯ ಫೋನಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಇವೆಲ್ಲ ನಿಂತಿರುವುದು ಆ ಒಂದು ನಿಯಮದ ಮೇಲೆ. ಅದನ್ನು ಬಳಸಿ ಹೊಸದು ಕಟ್ಟಿದ ಹುಡುಗರು ಯಾವ ಸಾಹೇಬನ ಬಾಗಿಲನ್ನೂ ತಟ್ಟಲಿಲ್ಲ!

ಆದರೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಇಂದಿಗೂ ಹಳೇ ಸಂಕೇತದ್ದೇ ರಾಜ್ಯಭಾರ. "ಕೆಲಸ ನಡೀತಿದೆಯಲ್ಲ" ಎಂಬ ಉಡಾಫೆ. ಮುದ್ರಣದವರಾದ ನಾವೂ ಈ ಪಾಪದಲ್ಲಿ ಪಾಲುದಾರರೇ. ಇವತ್ತಿನ ಅಡ್ಜಸ್ಟ್‌ಮೆಂಟ್ ನಾಳೆ ಇನ್ನೊಬ್ಬ ಮಗನ ಕೈಗೆ ಓದಲಾಗದ ಸಿ.ಡಿ. ಕೊಡುತ್ತದೆ.

ಗೆಳೆಯರೇ, ಎದುರಿಗೆ ಬಂದ ಪ್ರತಿ ನಿಯಮವನ್ನೂ ಕೇಳಿ: ನೀನು ಅಳತೆಗೋಲೋ, ಅಪ್ಪಣೆ ಚೀಟಿಯೋ? ಅಪ್ಪಣೆ ಚೀಟಿಯಾದರೆ ಪ್ರಶ್ನಿಸಿ, ಹೋರಾಡಿ. ಅಳತೆಗೋಲಾದರೆ ಪೊಲೀಸಿನವನು ಇಲ್ಲದಾಗಲೂ ಪಾಲಿಸಿ, ಪಾಲಿಸದವರನ್ನು ಕೇಳಿ. 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60 ಕನ್ನಡವಿರಬೇಕು. ಇದೂ ಅಳತೆಯೇ. ಟೇಪು ಹಿಡಿದರೆ ಮಗುವೂ ಹೇಳಬಲ್ಲದು!

ಇಂದಿನಿಂದಲೇ ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಕಚೇರಿಗಳಲ್ಲಿ ಕೇಳಿ, ಪ್ರೆಸ್ಸುಗಳಲ್ಲಿ ಕೇಳಿ. ಮೊದಲು ನನ್ನ ಪ್ರೆಸ್ಸಿಗೇ ಬಂದು ಕೇಳಿ!

ಜೈ ಭುವನೇಶ್ವರಿ!