ಮಜೂರಿ ರೂಪಾಯಿಯಲ್ಲಿ, ನಷ್ಟ ಬಂಗಾರದಲ್ಲಿ

ತುಂಡಾದ ಸರವನ್ನು ಬಂಗಾರದ ಅಂಗಡಿಗೆ ರಿಪೇರಿಗೆ ಕೊಟ್ಟರೆ ತೂಗಿ, ಚೀಟಿ ಬರೆದು, ‘ನಾಲ್ಕು ದಿನ ಬಿಟ್ಟು ಬರ್ರಿ’ ಅಂತಾರೆ. ಆ ನಾಲ್ಕು ದಿನ ಸರ ಅಂಗಡಿಯಲ್ಲೇ ಇರುತ್ತೆ ಅಂದುಕೊಂಡಿದ್ದೀರಾ? ನಮ್ಮ ರಾಯಚೂರು, ಮಾನ್ವಿ ಕಡೆ ಎಷ್ಟೋ ಸಲ ಅದು ಯಾರದೋ ಜೇಬಿನಲ್ಲಿ ಬಸ್ ಹತ್ತಿ, ಹಳ್ಳಿಯ ಪತ್ತಾರರ ಮನೆಗೆ ಹೋಗಿ ಬರುತ್ತದೆ. ಅಂಥ ಒಂದು ಮನೆ ಮಲ್ಲಟದಲ್ಲಿ ನಮ್ಮ ಕಾಕಾರದು. ಊರಿನವರ ಕಾಲುಂಗುರ, ಕರಡಿಗೆ, ಮಕ್ಕಳ ಉಡಿದಾರ ಮಾಡಿಕೊಡುವುದು ಒಂದು ಕಡೆ. ಹೊಟ್ಟೆ ತುಂಬಿಸುವುದು ಮಾತ್ರ ಪೇಟೆಯ ಮೂರು ಅಂಗಡಿಗಳಿಂದ ಬರುವ ಕೆಲಸ.

ಎರಡು ವರ್ಷದಿಂದ ಅವರ ಲೆಕ್ಕ ನನ್ನ ಫೋನಿನಲ್ಲಿದೆ. ಯಾವ ಅಂಗಡಿ, ಎಷ್ಟು ತೂಕ, ಎಷ್ಟು ಮಜೂರಿ, ಎಷ್ಟು ಉದ್ರಿ, ಎಲ್ಲ. ಹಿಂದಿನ ಚೀಟಿಗಳನ್ನೂ ಸೇರಿಸಿ ನೋಡಿದಾಗ ಒಂದು ಮಾತು ಸ್ಪಷ್ಟವಾಯಿತು. ಕಾಕಾರ ಕೂಲಿ ರೂಪಾಯಿಯಲ್ಲಿದೆ, ಹೊಣೆ ಬಂಗಾರದಲ್ಲಿದೆ.

ಹೇಗೆ ಅಂದರೆ, ಹೊಸ ಒಡವೆಗೆ ಸಾವ್ಕಾರರು ಗಟ್ಟಿ ಕೊಡುತ್ತಾರೆ. ಅದನ್ನು ಮೂಸೆಯಲ್ಲಿ ಕರಗಿಸಿ, ತಂತಿ ಎಳೆದು, ತಗಡು ಬಡಿದು, ಬೆಸೆದು, ಅರದಿಂದ ಉಜ್ಜಿ, ಕೊನೆಗೆ ಒಡವೆ ಮತ್ತು ಉಳಿದ ಚೂರು ಎರಡನ್ನೂ ತೂಗಿ ವಾಪಸ್ ಕೊಡಬೇಕು. ದಾರಿಯಲ್ಲಿ ಒಂದಿಷ್ಟು ಸವೆದೇ ಸವೆಯುತ್ತದೆ. ಇಷ್ಟು ಸವಕಳಿ ನಡೆಯುತ್ತೆ ಅಂತ ಮೊದಲೇ ಮಾತಾಗಿರುತ್ತದೆ. ಅದಕ್ಕಿಂತ ಹೆಚ್ಚು ಸವೆದರೆ ಪತ್ತಾರರೇ ತುಂಬಿಕೊಡಬೇಕು, ಅದೂ ಇವತ್ತಿನ ರೇಟಿನಲ್ಲಿ. ಕಾಕಾ ಕೂರುವ ಜಾಗದ ಕಸವನ್ನು ನಮ್ಮ ಕಾಕಿ ಹೊರಗೆ ಚೆಲ್ಲುವುದಿಲ್ಲ, ಡಬ್ಬಿಯಲ್ಲಿ ಕೂಡಿಡುತ್ತಾರೆ. ವರ್ಷಕ್ಕೊಮ್ಮೆ ಅದನ್ನು ತೊಳೆದು ಬಂಗಾರ ತೆಗೆಯುವವರು ಬಂದು ಕೊಂಡುಹೋಗುತ್ತಾರೆ.

ದುಂಡು ಸಂಖ್ಯೆ ಹಿಡಿದು ನೋಡಿ. ಗ್ರಾಂಗೆ 5,000 ರೂಪಾಯಿ ಇದ್ದಾಗ 10 ಗ್ರಾಂ ಒಡವೆ. ಗಿರಾಕಿ ಅಂಗಡಿಗೆ ಕೊಡುವ ಮೇಕಿಂಗ್ ಚಾರ್ಜ್ ಶೇ. 10 ಅಂದರೆ 5,000. ಪತ್ತಾರರಿಗೆ ಗ್ರಾಂಗೆ 250ರಂತೆ 2,500. ಮಾತಾದದ್ದಕ್ಕಿಂತ 100 ಮಿಲಿಗ್ರಾಂ ಹೆಚ್ಚು ಸವೆಯಿತು ಅನ್ನಿ, 500 ಹೋಯಿತು, 2,000 ಉಳಿಯಿತು. ಈಗ ಬಂಗಾರ ಗ್ರಾಂಗೆ 10,000 ಆಗಲಿ. ಗಿರಾಕಿಯ ಮೇಕಿಂಗ್ ಚಾರ್ಜ್ ತಾನಾಗೇ 10,000 ಆಗುತ್ತದೆ. ಪತ್ತಾರರದು ಅದೇ 2,500. ಸವೆದ 100 ಮಿಲಿಗ್ರಾಂಗೆ ಮಾತ್ರ 1,000. ಉಳಿದದ್ದು 1,500. ಕೆಲಸ ಅದೇ, ಕೈ ಅದೇ, ದುಡಿಮೆ ಕಾಲು ಭಾಗ ಇಳಿಯಿತು.

2025ರ ಏಪ್ರಿಲ್‌ನಲ್ಲಿ 10 ಗ್ರಾಂ ಬಂಗಾರ 1 ಲಕ್ಷ ದಾಟಿದಾಗ ನನ್ನ ಆಫೀಸಿನವರು, ‘ನಿಮ್ಮ ಕಾಕಾಗೆ ಲಾಟರಿ ಬಿಡು’ ಅಂದಿದ್ದರು. ಹಟ್ಟಿ ಗಣಿ ನಿಮ್ಮ ಜಿಲ್ಲೆಯಲ್ಲೇ ಇದೆಯಲ್ಲ, ಬಂಗಾರ ಅಗ್ಗವಾ ಅಂತಲೂ ಒಬ್ಬರು ಕೇಳಿದರು! ಮಲ್ಲಟದಲ್ಲಿ ಆ ತಿಂಗಳು ಹೊಸ ಆರ್ಡರೇ ಕಡಿಮೆ. ಬಂದದ್ದೆಲ್ಲ ಹಳೇದನ್ನು ಬೆಸೆದುಕೊಡಿ ಅನ್ನುವ ರಿಪೇರಿ.

ಅಂಗಡಿಯವರದು ಬರೀ ಲಾಭ ಅಂತ ನಾನು ಹೇಳಲಾರೆ. ಬಾಡಿಗೆ, ಹುಡುಗರ ಸಂಬಳ, ಹಾಲ್‌ಮಾರ್ಕ್ ಓಡಾಟ, ಶೋಕೇಸಿನಲ್ಲಿ ಕೂತ ಬಂಡವಾಳ ಎಲ್ಲ ಅವರದೇ. ಗಿರಾಕಿ ಜಗಳಕ್ಕೆ ಬರುವುದೂ ಅವರ ಹತ್ತಿರವೇ. ಆದರೆ ರೇಟು ಏರಿದಾಗ ಅವರ ಪಾಲು ಏರುತ್ತದೆ, ಪತ್ತಾರರ ಅಪಾಯ ಏರುತ್ತದೆ. ನನ್ನ ತಕರಾರು ಇಷ್ಟೇ.

ರಿಪೇರಿಯದು ಇನ್ನೊಂದು ಕತೆ. ಅದಕ್ಕೆ ತೂಕದ ಲೆಕ್ಕ ಹೊಂದುವುದೇ ಇಲ್ಲ. ಬೋರಮಾಳ ಸರದ ಒಂದು ಮಣಿ ತಗ್ಗಾಗಿದೆ ಅಂತ ಬರುತ್ತದೆ. ಮಣಿಯ ತೂಕ ಎಷ್ಟಿದ್ದೀತು? ಒಳಗೆ ಟೊಳ್ಳು, ಅರಗು ತುಂಬಿರುತ್ತದೆ. ಬೆಂಕಿ ತಾಗಿದರೆ ಅರಗು ಕರಗಿ ಹೊರಗೆ ಬರುತ್ತದೆ. ಮೊದಲು ಅರಗು ತೆಗೆಯಬೇಕು, ತಗ್ಗು ಎತ್ತಬೇಕು, ಬೆಸೆಯಬೇಕು, ಮತ್ತೆ ತುಂಬಬೇಕು. ಮುತ್ತು, ಹವಳ, ಪಚ್ಚೆ ಕೂತ ಉಂಗುರವಾದರೆ ಹರಳು ಬಿಚ್ಚಿಟ್ಟೇ ಬೆಂಕಿ ಹಿಡಿಯಬೇಕು. ಪಚ್ಚೆ ಸೀಳಿದರೆ ಯಾರ ತಲೆಗೆ? ಹಿಂದೆ ಯಾರೋ ಕಡಿಮೆ ಟಚ್ಚಿನ ಬೆಸುಗೆ ಹಾಕಿದ್ದರೆ ಅದು ಮೊದಲು ಕರಗಿ ಪಕ್ಕದ ಕೊಂಡಿಯೂ ಬಿಡುತ್ತದೆ. ಕೆಡಿಎಂ ಅಂತ ಹೆಮ್ಮೆಯಿಂದ ಮಾರುತ್ತಿದ್ದ ಕಾಲ ನಿಮ್ಮ ಅಮ್ಮನಿಗೆ ನೆನಪಿರಬಹುದು. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆ. ಅದರ ಹೊಗೆ ಪುಪ್ಪುಸಕ್ಕೂ ಮೂತ್ರಪಿಂಡಕ್ಕೂ ವಿಷ. ಊದುಗೊಳವೆ ಹಿಡಿದು ಕೂತವರು ಆ ಹೊಗೆ ಕುಡಿದರು. ಇಂಥ ಹಳೇ ಒಡವೆ ಈಗಲೂ ರಿಪೇರಿಗೆ ಬರುತ್ತವೆ.

ಇಷ್ಟಕ್ಕೆಲ್ಲ ಅಂಗಡಿಯಿಂದ ಕಾಕಾರಿಗೆ ಬರುತ್ತಿದ್ದದ್ದು ಐವತ್ತೋ ಅರವತ್ತೋ. ನಾನು ಒಂದು ವಾರ ಪಕ್ಕದಲ್ಲಿ ಕೂತು ಸಮಯ ಬರೆದೆ. ಬೆಸುಗೆಗೆ ಹತ್ತು ನಿಮಿಷ. ತೂಗುವುದು, ಕೊಳೆ ತೆಗೆಯುವುದು, ಬಿಳಿಗಾರ ಹಚ್ಚುವುದು, ಆಸಿಡ್, ಪಾಲಿಶ್, ಮತ್ತೆ ತೂಗುವುದು ಸೇರಿ ನಲವತ್ತೈದು. ದಿನಕ್ಕೆ ಎಂಟು ತಾಸು ಕೂತರೂ ಕೆಲಸ ನಡೆಯುವುದು ಐದು ತಾಸು. ಉಳಿದದ್ದು ಬಸ್ಸು, ಫೋನು, ಉದ್ರಿ ಕೇಳುವುದು. ದಿನಕ್ಕೆ 1,000 ರೂಪಾಯಿ ಮನೆಗೆ ಬೇಕು ಅಂದರೆ ಆ ಐದು ತಾಸಿಗೆ ತಾಸಿಗೆ 200 ಬೀಳಬೇಕು. ಅಂದರೆ ಆ ನಲವತ್ತೈದು ನಿಮಿಷಕ್ಕೆ 150.

ಹಾಗಾಗಿ ರಟ್ಟಿನ ಮೇಲೆ ಹೊಸ ದರ ಬರೆದೆವು. ರಿಪೇರಿ ಯಾವುದೇ ಇರಲಿ, ಒಂದಕ್ಕೆ ಕನಿಷ್ಠ 150. ಬೆಸುಗೆಗೆ ಹಾಕಿದ ಬಂಗಾರಕ್ಕೆ ಅವತ್ತಿನ ರೇಟು ಬೇರೆ. ಹರಳು ಬಿಚ್ಚಿ ಕೂರಿಸುವುದಿದ್ದರೆ ಬೇರೆ, ಹರಳು ಮೊದಲೇ ಸೀಳಿದ್ದರೆ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ. ತೂಗುವಾಗಲೂ ತಕ್ಕಡಿಯ ಅಂಕಿ ಕಾಣುವಂತೆ ಫೋಟೊ. ಹೊಸ ಒಡವೆಗೆ ಮಜೂರಿ ಗ್ರಾಂ ಲೆಕ್ಕದಲ್ಲೇ ಇರಲಿ, ಆದರೆ ಬಂಗಾರದ ರೇಟು ನೋಡಿ ಆರು ತಿಂಗಳಿಗೊಮ್ಮೆ ಮತ್ತೆ ಮಾತಾಡುವುದು.

ಕಾಕಾ ರಟ್ಟು ನೋಡಿ, ‘ಇದನ್ನ ಸಾವ್ಕಾರ್ರ ಮುಂದ ಹೆಂಗ ಇಡ್ಲಿ ತಮ್ಮಾ? ನಲವತ್ತು ವರ್ಷದ ಮಾರಿ ಪರಿಚಯ ಅದ’ ಅಂದರು. ನಾನೇ ಜೊತೆಗೆ ಹೋದೆ. ಒಬ್ಬ ಸಾವ್ಕಾರರು, ‘ಪತ್ತಾರ್ರ, ಒಂದ್ ಕೊಂಡಿಗಿ ನೂರೈವತ್ತಾ? ತೂಕಾನೇ ಇಲ್ಲಲ್ರಿ ಅದರಾಗ’ ಅಂದರು. ಕಾಕಾ ತಲೆ ತಗ್ಗಿಸಿದರು. ನಾನು ಹೇಳಿದೆ: ‘ಹಾಲ್‌ಮಾರ್ಕ್ ಸೆಂಟರ್‌ನವ್ರು ಒಡವೆ ಮೂರು ಗ್ರಾಂ ಇರಲಿ ಮೂವತ್ತು ಇರಲಿ, ಒಂದಕ್ಕ ಇಷ್ಟು ಅಂತ ತಗೋತಾರಲ್ರಿ ಸಾವ್ಕಾರ್ರ. ಅವರಿಗೆ ತೂಕ ಕೇಳಂಗಿಲ್ಲಲ್ಲ?’ ಅವರು ನಕ್ಕರು. ‘ನೂರಿಪ್ಪತ್ತು ಮಾಡ್ರಿ’ ಅಂದರು. ಕಾಕಾ ನನಗಿಂತ ಮೊದಲೇ ‘ಆಯ್ತ್ರಿ’ ಅಂದುಬಿಟ್ಟರು.

ಎರಡನೆಯ ಅಂಗಡಿ 150ಕ್ಕೇ ಒಪ್ಪಿತು, ಆದರೆ ಹಣ ತಿಂಗಳ ಕೊನೆಗೆ. ಮೂರನೆಯದು ಕೆಲಸ ಕೊಡುವುದನ್ನೇ ನಿಲ್ಲಿಸಿತು. ಮೊದಲ ಎರಡು ತಿಂಗಳು ಮನೆಯಲ್ಲಿ ಕಾಕಿ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ರಿಪೇರಿಯ ಸಂಖ್ಯೆ ಮೂರರಲ್ಲಿ ಒಂದು ಪಾಲು ಇಳಿದಿದೆ. ಕೈಗೆ ಬರುವ ದುಡ್ಡು ಮೊದಲಿಗಿಂತ ಸ್ವಲ್ಪ ಹೆಚ್ಚೇ ಇದೆ. ಕಾಕಾ ಸಂಜೆ ಏಳಕ್ಕೆ ದೀಪ ಆರಿಸಿ ಏಳುತ್ತಾರೆ, ಕಣ್ಣುರಿ ಕಡಿಮೆ ಅಂತಾರೆ.

ಹೊಸ ಒಡವೆಯ ಆರು ತಿಂಗಳ ಮಾತು ಮಾತ್ರ ಇನ್ನೂ ಯಾರೂ ಒಪ್ಪಿಲ್ಲ. ಮದುವೆ ಸೀಜನ್ ಶುರುವಾಗುವ ಮೊದಲು ಮಾತಾಡಬೇಕು. ಆರ್ಡರ್ ರಾಶಿ ಬಿದ್ದಿದ್ದಾಗ ಸಾವ್ಕಾರರಿಗೂ ಪತ್ತಾರರು ಬೇಕಿರುತ್ತಾರೆ.