ರಿಕಿಯ ಇಂಗ್ಲಿಷ್ ಕೇಳಿ ಯಾರು ನಗಬಹುದು?

ಡೆಲ್ ಮಾರ್ ಬೀಚಿಗೆ ನೀವೆಲ್ಲ ಹೋಗಿರ್ತೀರಿ. ‘ಐ ಲವ್ ಲೂಸಿ’ಯಲ್ಲಿ ಲೂಸಿಯ ಗಂಡ ರಿಕಿಯಾಗಿ ನಟಿಸಿದ ಡೆಸಿ ಅರ್ನಾಜ್ ಕೊನೆಗಾಲದಲ್ಲಿ ಇದ್ದದ್ದು ಅಲ್ಲೇ, 1986ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅವರು ಎಲ್ಲರಿಗೂ ಗೊತ್ತು. ಆ ಧಾರಾವಾಹಿಯ ಮುಖ್ಯ ಬರಹಗಾರ ಜೆಸ್ ಆಪನ್‌ಹೈಮರ್ ಹೆಸರು ಕೇಳಿದವರು ಕಮ್ಮಿ. ನಮ್ಮ ಕನ್ನಡ ಶಾಲೆಯವರು ಅವರಿಂದ ಒಂದು ವಿಷಯ ಕಲೀಬೇಕು ಅಂತ ನನ್ನ ಅಭಿಪ್ರಾಯ.

ಜೆಸ್ 1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು. ಲಾಸ್ ಏಂಜಲಿಸ್‌ಗೆ ಬಂದು ರೇಡಿಯೋಗೆ ಹಾಸ್ಯ ಬರೆದರು. ‘ಬೇಬಿ ಸ್ನೂಕ್ಸ್’ ಅನ್ನೋ ತರಲೆ ಹುಡುಗಿಯ ಕಾರ್ಯಕ್ರಮಕ್ಕೆ ಬರೆದು, ಆಮೇಲೆ ಲೂಸಿಲ್ ಬಾಲ್ ಅವರ ರೇಡಿಯೋ ಕಾರ್ಯಕ್ರಮಕ್ಕೆ ಸೇರಿದರು. ಲೂಸಿಯಲ್ಲಿ ನಾವು ನೋಡೋ ಮಕ್ಕಳಂಥ ತುಂಟತನದಲ್ಲಿ ಆ ಸ್ನೂಕ್ಸ್ ಹುಡುಗಿಯ ಪಾಲೂ ಇದೆ. 1951ರಲ್ಲಿ ‘ಐ ಲವ್ ಲೂಸಿ’ ಟಿವಿಯಲ್ಲಿ ಶುರುವಾಯಿತು. ಮ್ಯಾಡಲಿನ್ ಪ್ಯೂ, ಬಾಬ್ ಕ್ಯಾರಲ್ ಜೊತೆ ಕೂತು ಕಥೆ ಕಟ್ಟೋದು, ತಿದ್ದೋದು, ಜೊತೆಗೆ ನಿರ್ಮಾಪಕನ ಕೆಲಸ ಬೇರೆ. 1956ರವರೆಗೆ ಇದೇ.

ಕ್ಯೂಬಾದಿಂದ ಬಂದ, ಉಚ್ಚಾರಣೆಯೇ ಬೇರೆ ಇರುವ ಗಂಡನನ್ನು ಜನ ಒಪ್ಪುತ್ತಾರಾ ಅಂತ ಸಿಬಿಎಸ್‌ನವರಿಗೆ ಮೊದಲು ಅನುಮಾನ ಇತ್ತು. ಜನ ಒಪ್ಪಿದರು. ಆದರೆ ಬರೆಯುವವರು ಒಂದು ವಿಷಯ ಗಮನಿಸಿದರು. ರಿಕಿಯ ಇಂಗ್ಲಿಷನ್ನು ಬೇರೆ ಪಾತ್ರಗಳು ಅಣಕಿಸಿದರೆ ಎದುರಿಗೆ ಕೂತ ಪ್ರೇಕ್ಷಕರು ನಗುತ್ತಿರಲಿಲ್ಲ. ಲೂಸಿ ಅಣಕಿಸಿದರೆ ಮಾತ್ರ ನಗು! ಹಾಗಾಗಿ ಆ ಜೋಕು ಲೂಸಿಗೇ ಮೀಸಲಾಯಿತು. ರಿಕಿಗೆ ಸಿಟ್ಟು ಬಂದಾಗ ಸ್ಪ್ಯಾನಿಷ್‌ನಲ್ಲಿ ಬಡಬಡಿಸುತ್ತಿದ್ದ, ಅದಕ್ಕೆ ಅನುವಾದವೇ ಇಲ್ಲ. (ನಮ್ಮ ಅಮ್ಮಂದಿರು ಕಾಸ್ಟ್‌ಕೋದಲ್ಲಿ ಕನ್ನಡದಲ್ಲಿ ಬೈದ ಹಾಗೆ!)

ಈಗ ನಮ್ಮ ಕಡೆ ನೋಡಿ. ಪುಟ್ಟ ಮಕ್ಕಳು ‘ಬಾಳೆಹಣ್ಣು’ ಅನ್ನೋಕೆ ಹೋಗಿ ‘ಬಾಲೆಹನ್ನು’ ಅಂದರೆ ಕ್ಲಾಸಲ್ಲಿ ಕಿಸಕ್ ಅಂತ ನಗು. ಊರಿಗೆ ಫೋನ್ ಮಾಡಿದರೆ ಕಸಿನ್‌ಗಳು ‘ಇನ್ನೊಂದ್ಸಲ ಹೇಳೇ’ ಅಂತಾರೆ. ಮನೆಗೆ ನೆಂಟರು ಬಂದರೆ ಅಪ್ಪ-ಅಮ್ಮನೇ ಕರೆದು ಹೇಳಿಸ್ತಾರೆ. ಪೋಷಕರೇ, ನೀವು ಪ್ರೀತಿಯಿಂದಲೇ ಮಾಡ್ತೀರಿ, ಗೊತ್ತು. ಆದರೆ ನಗೋರು ನೆಂಟರು. ಮುಂದಿನ ಸಲ ಆ ಮಗು ಇಂಗ್ಲಿಷಲ್ಲೇ ಉತ್ತರ ಕೊಡುತ್ತೆ.

ಮಕ್ಕಳೇ, ನೀವೂ ಅಷ್ಟೇ. ಅಪ್ಪ ‘ವೆಜಿಟೇಬಲ್’ ಅನ್ನೋದನ್ನ ಊಟದ ಮೇಜಲ್ಲಿ ಅಣಕಿಸಿ, ಅವರೂ ನಗ್ತಾರೆ. ಸಾಕರ್ ಮೈದಾನದಲ್ಲಿ ಫ್ರೆಂಡ್ಸ್ ಮುಂದೆ ಬೇಡ.

ತಪ್ಪು ತಿದ್ದಬೇಡಿ ಅಂತ ನಾನು ಹೇಳ್ತಾ ಇಲ್ಲ. ಟೀಚರ್ ‘ಳ’ ಹತ್ತು ಸಲ ಹೇಳಿಸಲಿ. ನನ್ನ ತಕರಾರು ನಾಟಕದ ಬಗ್ಗೆ. ರಾಜ್ಯೋತ್ಸವದ ಸ್ಕಿಟ್‌ನಲ್ಲಿ ಯಾವಾಗಲೂ ಹರುಕುಮುರುಕು ಕನ್ನಡದ ‘ಅಮೆರಿಕಾ ಹುಡುಗ’ ಒಬ್ಬ ಇರ್ತಾನೆ, ಬಂದವರೆಲ್ಲ ಅವನನ್ನ ನೋಡಿ ನಗ್ತಾರೆ. ಈ ಸಲ ಅವನನ್ನ ಅಜ್ಜಿ ಒಬ್ಬರೇ ಅಣಕಿಸೋ ಹಾಗೆ ಬರೆಯೋಣ. ಅವನೂ ಅಜ್ಜಿಯ ಇಂಗ್ಲಿಷನ್ನ ಅಣಕಿಸಲಿ. ಬರೆಯೋಕೆ ನಾನು ರೆಡಿ, ಇನ್ನಿಬ್ಬರು ಬೇಕು.