ಪಟ್ಟಿಯಲ್ಲಿ ಅಂಗಡಿ ಅನ್ನೋ ಸಾಲೇ ಇಲ್ಲ!



ಸಣ್ಣ ವ್ಯಾಪಾರಸ್ಥರು ವಿಪತ್ತಿಗೆ ಮೊದಲೇ ತಯಾರಾಗಬೇಕು ಅಂತ ಉಪದೇಶ ಮಾಡೋರು ಈಗ ಬಹಳ ಆಗ್ಯಾರ. ಮೂರು ತಿಂಗಳ ಖರ್ಚಿನಷ್ಟು ರೊಕ್ಕ ಬ್ಯಾಂಕಿನಾಗ ಇಡ್ರಿ, ಸಾಮಾನು ಎತ್ತರದ ಜಾಗಕ್ಕ ಸಾಗಿಸ್ರಿ, ವ್ಯಾಪಾರ ನಿಲ್ಲದಂಗ ಇನ್ನೊಂದು ಜಾಗ ನೋಡಿಟ್ಕೊಳ್ರಿ ಅಂತಾರ. ಕೇಳಲಿಕ್ಕೆ ಚಂದ ಅದ. ನನ್ನ ಪ್ರಶ್ನೆ ಒಂದೇ: ಎತ್ತರದ ಜಾಗ ಯಾರದು ಸಾಹೇಬ್ರ? ನಮ್ಮ ಕೇರಿಗಳನ್ನ ಊರ ತಗ್ಗಿಗೆ, ಹಳ್ಳದ ದಂಡಿಗೆ ಇಟ್ಟಿದ್ದು ಮಳೆಯಲ್ಲ, ಜಾತಿ. ದಿನಾ ದುಡಿದು ದಿನಾ ಗಲ್ಲಾ ಎಣಿಸೋ ತಾಯಿಗೆ ಮೂರು ತಿಂಗಳ ಖರ್ಚು ಎತ್ತಿಡು ಅಂದ್ರ ಅದು ಸಲಹೆಯಲ್ಲ, ಚೇಷ್ಟೆ.

ಮಳಖೇಡದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕಾಗಿಣಾ ತೆಲಂಗಾಣದ ತಾಂಡೂರು ಕಡೆಯಿಂದ ಬರ್ತದ. ಚಿಂಚೋಳಿ ಕಡೆಯ ಮುಲ್ಲಾಮಾರಿ ನೀರೂ ಅದಕ್ಕೇ ಸೇರ್ತದ. ಮೇಲೆ ಮಳೆಯಾದ್ರ ಇಲ್ಲಿ ಬಿಸಿಲಿದ್ದಾಗಲೂ ನದಿ ಏರ್ತದ. ಸೇತುವೆ ಮುಳುಗಿದರೆ ಕಲಬುರಗಿ–ಸೇಡಂ ರಸ್ತೆ ಬಂದ್. ನೀರು ನುಗ್ಗಿದ ಅಂಗಡಿ ಅಷ್ಟೇ ಅಲ್ಲ, ನುಗ್ಗದ ಅಂಗಡಿಯೂ ಅವತ್ತಿಗೆ ಸತ್ತಂಗ. ಮಾಲು ಬರೋದಿಲ್ಲ, ಗಿರಾಕಿ ಬರೋದಿಲ್ಲ, ಲಾರಿ ನಿಲ್ಲೋದಿಲ್ಲ, ಚಾ ಕುಡಿಯೋರಿಲ್ಲ.

2020 ನೆನಪು ಮಾಡ್ಕೊಳ್ರಿ. ದೇಶದ ಮೊದಲ ಕೊರೊನಾ ಸಾವು ಆ ಮಾರ್ಚ್‌ನಲ್ಲಿ ಆದದ್ದು ನಮ್ಮ ಕಲಬುರಗಿಯಲ್ಲೇ. ಹಿಂದೆಯೇ ಲಾಕ್‌ಡೌನ್. ಅದರಿಂದ ಎದ್ದು ನಿಲ್ಲೋದ್ರಾಗ ಅಕ್ಟೋಬರ್‌ನಲ್ಲಿ ಭೀಮೆ, ಕಾಗಿಣಾ ಎರಡೂ ಉಕ್ಕಿ ಬಂದವು. ಒಂದೇ ವರ್ಷದಾಗ ಎರಡು ಹೊಡೆತ. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಅದೇ ಪ್ರವಾಹ, ಅದೇ ಸೇತುವೆ. ಮಠದೊಳಗೆ ನೀರು ಬಂದ್ರ ಟಿವಿಯವರು ಬರ್ತಾರ, ಬರಲಿ. ರಾಷ್ಟ್ರಕೂಟರ ಕೋಟೆ ಗೋಡೆ ಬಿದ್ರ ಇತಿಹಾಸಕಾರರು ಮರುಗ್ತಾರ, ಮರುಗಲಿ. ಕೇರಿ ಬಾಯಿಗಿರೋ ಡಬ್ಬಿ ಅಂಗಡಿ ಒಳಗ ನೆನೆದು ಮುದ್ದೆಯಾದ ಸಕ್ಕರೆ ಚೀಲ ಯಾವ ಸುದ್ದಿ? ಯಾವ ಇತಿಹಾಸ?

ನಾನು ಆಫೀಸಿನ ಗುಮಾಸ್ತ. ಕಡತ ಹ್ಯಾಂಗ ಹುಟ್ತದ, ಹ್ಯಾಂಗ ಸಾಯ್ತದ ಅಂತ ನೋಡಿದವನು. ಅದಕ್ಕೇ ಪರಿಹಾರದ ಪಟ್ಟಿಯನ್ನೇ ತೆಗೆದು ತೋರಿಸ್ತೀನಿ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ 2022–26ರ ಅವಧಿಗೆ ಮಾಡಿದ ನಿಯಮ ಓದ್ರಿ. ಹಾಲು ಕೊಡೋ ಎಮ್ಮೆ ಸತ್ತರೆ 37,500 ರೂಪಾಯಿ. ಮೇಕೆಗೆ 4,000. ಕೋಳಿಗೆ 100. ಬೆಳೆಗೆ ಲೆಕ್ಕ ಅದ, ಮನೆಗೆ ಲೆಕ್ಕ ಅದ. ಕೈಕಸುಬು, ಕೈಮಗ್ಗದವರಿಗೆ ಸಲಕರಣೆಗೆ 5,000, ಮಾಲಿಗೆ 5,000 ಅದ. ಅದಕ್ಕೂ ಅಧಿಕಾರಿಯ ಪ್ರಮಾಣಪತ್ರ ಬೇಕು. ಕಿರಾಣಿ ಅಂಗಡಿಗೆ? ಚಾದ ಅಂಗಡಿಗೆ? ಪಂಕ್ಚರ್ ಅಂಗಡಿಯವನ ಏರ್ ಟ್ಯಾಂಕಿಗೆ? ಆ ಪಟ್ಟಿಯಲ್ಲಿ ಅಂಗಡಿ ಅನ್ನೋ ಸಾಲೇ ಇಲ್ಲ! ತಲಾಟಿ ಸಾಹೇಬ್ರು ಬಂದ್ರೂ ಬರೆಯೋದೆಲ್ಲಿ? ಕಾಲಂ ಇಲ್ಲದ ನಷ್ಟ ಸರ್ಕಾರದ ಕಣ್ಣಿಗೆ ನಷ್ಟವೇ ಅಲ್ಲ. ಬಾಡಿಗೆ ಅಂಗಡಿಯಾದ್ರ ಇನ್ನೂ ಚಂದ: ಗೋಡೆ ಮಾಲೀಕನದು, ಒಳಗಿನ ಮಾಲು ಯಾರದೂ ಅಲ್ಲ.

ನಮ್ಮ ವ್ಯಾಪಾರಕ್ಕ ಇನ್ನೊಂದು ವಿಪತ್ತದ, ಅದು ಯಾವ ತರಬೇತಿಯ ಪಟ್ಟಿಯಲ್ಲೂ ಇರೋದಿಲ್ಲ. ಬಹಿಷ್ಕಾರ! ಗುಡಿಯೊಳಗ ಕಾಲಿಟ್ಟ, ಕೂಲಿ ಜಾಸ್ತಿ ಕೇಳಿದ ಅಂತ ಒಂದು ಮಾತು ಎದ್ರ ಸಾಕು. ಮರುದಿನದಿಂದ ಗಿರಾಕಿ ಬಂದ್, ಉದ್ರಿ ಮಾಲು ಬಂದ್. ಆದರೆ ನೋಡ್ರಿ, ಈ ವಿಪತ್ತಿಗೆ ಕಾನೂನಿನಲ್ಲಿ ಸಾಲು ಅದ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕೋದೂ, ಹಾಕ್ತೀವಿ ಅಂತ ಬೆದರಿಸೋದೂ ಅಪರಾಧ. ಅದು ತಾನಾಗೇ ಬರಲಿಲ್ಲ. ಚಳವಳಿ ಬಡಿದಾಡಿ ಬರೆಸಿತು. ಪ್ರವಾಹಕ್ಕೂ ಹಂಗೇ ಬರೆಸಬೇಕು.

ನಮ್ಮೊಳಗೇ ಕೆಲವರು "ಅಂಗಡಿ, ವಿಮೆ ಇವೆಲ್ಲಾ ಹೋರಾಟ ಏನ್ರಿ?" ಅಂತಾರ. ಹೌದ್ರಿ, ಹೋರಾಟವೇ. ಬಾಬಾಸಾಹೇಬರು ಅರ್ಥಶಾಸ್ತ್ರಜ್ಞರು. 1947ರಲ್ಲಿ ಪ್ರಕಟಿಸಿದ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಮನವಿಯಲ್ಲಿ ವಿಮೆ ಪೂರ್ತಿ ಸರ್ಕಾರದ ಕೈಯಲ್ಲಿರಬೇಕು, ಪ್ರತಿ ವಯಸ್ಕ ನಾಗರಿಕನಿಗೂ ಜೀವವಿಮೆ ಕಡ್ಡಾಯವಾಗಬೇಕು ಅಂತ ಬರೆದವರು ಅವರು. ಬಡವನ ನಾಳೆ ಯಾರ ಜವಾಬ್ದಾರಿ ಅನ್ನೋ ಪ್ರಶ್ನೆಯನ್ನ ಸಂವಿಧಾನದೊಳಗೇ ಇಡಲಿಕ್ಕೆ ಹೊರಟಿದ್ದರು. ನಾವು ಅವರ ಫೋಟೋವನ್ನಷ್ಟೇ ಅಂಗಡಿಯಲ್ಲಿ ಇಟ್ಟರೆ ಸಾಲದು.

ಹಂಗಾದ್ರ ಏನು ಮಾಡಬೇಕು? ಮಳೆಗಾಲಕ್ಕ ಮುಂಚೆ, ಮೇ ತಿಂಗಳಲ್ಲೇ, ಪ್ರತಿ ಕೇರಿಯ ಯುವಕ ಸಂಘ, ಮಹಿಳಾ ಸಂಘ ಈ ಕೆಲಸ ಎತ್ತಿಕೊಳ್ಳಲಿ:

1. ಕೇರಿಯ ಪ್ರತಿ ಅಂಗಡಿ, ಗಾಡಿ, ಹೊಲಿಗೆ ಯಂತ್ರ, ಚಪ್ಪಲಿ ಹೊಲಿಯೋ ಕಟ್ಟೆ ಒಂದು ರಿಜಿಸ್ಟರಿನಲ್ಲಿ ಬರೀರಿ. ಒಳಗಿನ ಮಾಲಿನ ಫೋಟೋ ತಾರೀಖು ಸಮೇತ ತೆಗೀರಿ. ಖರೀದಿ ಚೀಟಿ ಬಿಸಾಕಬ್ಯಾಡ್ರಿ. ಅದರ ಫೋಟೋ ದೂರದೂರಿನ ಒಬ್ಬ ಸಂಬಂಧಿಕರ ಮೊಬೈಲಿಗೂ ಕಳಿಸ್ರಿ.

2. ಉದ್ಯಮ್ ನೋಂದಣಿ ಮಾಡಿಸ್ರಿ. ಅದು ಪುಕ್ಕಟೆ. ರೊಕ್ಕ ಕೇಳಿದವನು ದಲ್ಲಾಳಿ.

3. ಪಾಸ್‌ಬುಕ್ ನೋಡ್ರಿ. ವರ್ಷಕ್ಕ 20 ರೂಪಾಯಿ, 436 ರೂಪಾಯಿ ಕಡಿತ ಆಗಿದ್ರ ಅದು ನಿಮ್ಮ ಅಪಘಾತ, ಜೀವದ ವಿಮೆ. ಅಂಗಡಿಯದಲ್ಲ! ಅಂಗಡಿಗೆ ಬೇರೆ ಅದ: 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ'. 2021ರ ಏಪ್ರಿಲ್‌ನಿಂದ ವಿಮಾ ಪ್ರಾಧಿಕಾರ ಜಾರಿಗೆ ತಂದದ್ದು. ಬೆಂಕಿ, ಪ್ರವಾಹ ಎರಡೂ ಅದರೊಳಗ ಬರ್ತಾವ. ಡಬ್ಬಿ ಅಂಗಡಿಗೆ ಆಗೋದಿಲ್ಲ ಅಂದ್ರ, ಯಾಕ ಆಗೋದಿಲ್ಲ ಅಂತ ಬರೆದು ಕೊಡು ಅನ್ರಿ. ಆ ಕಾಗದವೇ ನಾಳೆಯ ಮನವಿ.

4. ಮುದ್ರಾ ಅಥವಾ ಯಾವುದೇ ಬ್ಯಾಂಕ್ ಸಾಲ ಇದ್ದವರು ಮಾಲಿನ ಮೇಲೆ ವಿಮೆ ಅದ ಏನು ಅಂತ ಕೇಳ್ರಿ. ಇದ್ರ ಪಾಲಿಸಿಯ ಪ್ರತಿ ಇಸಕೊಂಡು ವಿಳಾಸ ಸರಿ ಅದ ಏನು ನೋಡ್ರಿ.

5. ಸೇಡಂ, ಚಿಂಚೋಳಿ, ತಾಂಡೂರು ಕಡೆ ಇರೋ ನಮ್ಮವರನ್ನ ಒಂದು ವಾಟ್ಸಪ್ ಗುಂಪಿನಲ್ಲಿ ಸೇರಿಸ್ರಿ. ಮೇಲೆ ಮಳೆ ಜೋರಾದ್ರ ಕೆಳಗಿನವರಿಗೆ ಗೊತ್ತಾಗಲಿ. ಮಾಲು ಇಡಲಿಕ್ಕೆ ಶಾಲೆಯದೋ, ಅಂಬೇಡ್ಕರ್ ಭವನದ್ದೋ ಕೋಣೆಗೆ ಮೊದಲೇ ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸ್ಕೊಳ್ರಿ.

ಇದರಿಂದ ನೀರು ನಿಲ್ಲೋದಿಲ್ಲ, ನನಗೂ ಗೊತ್ತು. ಆದರೆ ನೀರು ಇಳಿದ ಮೇಲೆ "ನಿಂದು ಏನು ಹೋಯ್ತು, ದಾಖಲೆ ಎಲ್ಲಿ?" ಅಂತ ಕೇಳೋರ ಬಾಯಿ ಮುಚ್ಚಸ್ತದ. ಆ ರಿಜಿಸ್ಟರ್ ಹಿಡ್ಕೊಂಡೇ ತಹಶೀಲ್ದಾರ್ ಕಚೇರಿಗೆ ಹೋಗೋಣ.

ಬೇಡಿಕೆಗಳು ಮೂರೇ. ಪರಿಹಾರದ ನಿಯಮದಲ್ಲಿ ಸಣ್ಣ ಅಂಗಡಿ, ಅದರ ಮಾಲು, ಸಲಕರಣೆಗೆ ಪ್ರತ್ಯೇಕ ಸಾಲು ಬರೀರಿ. ಕೇಂದ್ರ ಬರೆಯೋವರೆಗೆ ರಾಜ್ಯ ತನ್ನ ಬೊಕ್ಕಸದಿಂದ ಕೊಡಲಿ. ಪರಿಶಿಷ್ಟರ ಸಣ್ಣ ಉದ್ಯಮಗಳ ವಿಮೆ ಕಂತನ್ನ ಉಪಯೋಜನೆ ಹಣದಿಂದ ಸರ್ಕಾರವೇ ಕಟ್ಟಲಿ. ಕಾಗಿಣಾ ದಂಡಿಯ ಕೇರಿಗಳಿಗೆ ಎತ್ತರದಲ್ಲಿ ನಿವೇಶನ ಕೊಡುವಾಗ ವ್ಯಾಪಾರಕ್ಕೂ ಜಾಗ ಕೊಡಲಿ, ಅದೂ ಊರ ಹೊರಗಲ್ಲ, ರಸ್ತೆ ಮಗ್ಗಲಿಗೆ.

ಎಮ್ಮೆಗೆ ಲೆಕ್ಕ ಇರೋದು ತಪ್ಪಲ್ಲ. ಮನುಷ್ಯರ ದುಡಿಮೆಗೆ ಲೆಕ್ಕ ಇಲ್ಲದ್ದು ತಪ್ಪು. ಸಾಲು ಬರೆಸೋವರೆಗೆ ಬಿಡಬ್ಯಾಡ್ರಿ. ನಿಮ್ಮ ಕೇರಿಯ ರಿಜಿಸ್ಟರ್ ಶುರು ಮಾಡಿದ ದಿನ ಕೆಳಗೆ ಊರ ಹೆಸರು ಬರೀರಿ.

ಜೈಭೀಮ್.